ಬುಡಮೇಲು ಕಂಬ

ನಮ್ಮ ಮನೆಯಲ್ಲಿ ಏನೇ ಎಡವಟ್ಟಾಗಲಿ, ಎಲ್ಲರ ಕಣ್ಣೂ ಮೊದಲು ಪಡಸಾಲೆಯ ನಾಲ್ಕನೆಯ ಕಂಬದ ಕಡೆ ಹೋಗುತ್ತಿತ್ತು, ಅಲ್ಲಿಂದ ನೆಟ್ಟಗೆ ನಮ್ಮವ್ವನ ಮೇಲೆ ಬಂದು ನಿಲ್ಲುತ್ತಿತ್ತು. ಹಾಲು ಒಡೆಯಿತು, ಕಂಬ ನೋಡಿದರು. ಎಮ್ಮೆ ಕಂದು ಹಾಕಿತು, ಕಂಬ ನೋಡಿದರು. ನಾನು ಏಳನೇ ಕ್ಲಾಸಿನ ಲೆಕ್ಕದಲ್ಲಿ ಫೇಲಾದೆ, ಆಗಲೂ ಕಂಬವನ್ನೇ ನೋಡಿದರು. ವರ್ಷವಿಡೀ ಪುಸ್ತಕ ಮುಟ್ಟದ ನನಗೆ ಒಂದು ಬೈಗುಳವೂ ಬೀಳಲಿಲ್ಲ. ಬೇರೆ ಮಕ್ಕಳಾಗಿದ್ದರೆ ಸದ್ಯ ಬಚಾವಾದೆ ಅಂದುಕೊಳ್ಳುತ್ತಿದ್ದರೇನೋ, ನನಗೆ ಮಾತ್ರ ಮೈಯೆಲ್ಲ ಉರಿಯಿತು. ಫೇಲಾದವಳು ನಾನು, ತಲೆ ತಗ್ಗಿಸಿ ನೆಲ ನೋಡುತ್ತ ನಿಂತವಳು ಅವ್ವ. ಯಾವ ಊರಿನ ನ್ಯಾಯ ಇದು? ಕಾರಣ ಇಷ್ಟೇ: ಆ ಕಂಬದ ಮರ ಅವ್ವನ ತವರಿನಿಂದ ಬಂದದ್ದು, ಮತ್ತು ಅದನ್ನು ಬುಡಮೇಲಾಗಿ ನಿಲ್ಲಿಸಿದ್ದಾರೆ ಅನ್ನುವುದು ಇಡೀ ಮನೆ ಒಪ್ಪಿಕೊಂಡುಬಿಟ್ಟಿದ್ದ ಮಾತು. ಮರ ಜೀವಂತವಾಗಿದ್ದಾಗ ನೆಲದಲ್ಲಿ ಹೇಗೆ ನಿಂತಿತ್ತೋ ಕಂಬವಾದ ಮೇಲೂ ಹಾಗೆಯೇ ನಿಲ್ಲಬೇಕು, ಬುಡ ಕೆಳಗೆ, ತುದಿ ಮೇಲೆ. ತಿರುವಿ ನಿಲ್ಲಿಸಿದರೆ ಆ ಮನೆಯೂ ಬುಡಮೇಲಾಗುತ್ತದೆ ಅಂತ ನಮ್ಮ ಕಡೆ ನಂಬುತ್ತಾರೆ. ಬೇರೆಯವರಿಗೆ ಬುಡಮೇಲು ಅನ್ನುವುದು ಬಾಯಿಮಾತು. ನಮಗೆ ಅದು ಎಂಟಡಿ ಎತ್ತರವಿತ್ತು, ಊಟಕ್ಕೆ ಕೂತರೆ ಕಣ್ಣೆದುರಿಗೇ ಇರುತ್ತಿತ್ತು.

ಮನೆಯ ವಿಷಯ ಹೇಳದೆ ಕಂಬದ ವಿಷಯ ಹೇಳಲಾಗುವುದಿಲ್ಲ. ಹಾಲ್ಕುರಿಕೆಯಿಂದ ಅರ್ಧ ಗಂಟೆ ಸೈಕಲ್ಲು ತುಳಿದರೆ ನಮ್ಮೂರು. ಸುತ್ತ ತೆಂಗಿನ ತೋಟ, ಅದರಾಚೆ ರಾಗಿ ಹೊಲ. ಮನೆಯ ಗೋಡೆ ಮಣ್ಣಿನದು, ಆದರೆ ಗೋಡೆಯನ್ನು ನಂಬಿ ಮನೆ ನಿಂತಿರಲಿಲ್ಲ, ಮರವನ್ನು ನಂಬಿ ನಿಂತಿತ್ತು. ಬಾಗಿಲು ದಾಟಿದರೆ ಪಡಸಾಲೆ, ಪಡಸಾಲೆಯ ನಡುವೆ ಚೌಕವಾಗಿ ನಾಲ್ಕು ಕಂಬ, ಕಂಬಗಳ ಮೇಲೆ ಕಾಯಿ ಅಟ್ಟ. ನಮ್ಮ ಕಡೆಯವರು ಮನೆ ಕಟ್ಟುತ್ತಿದ್ದದ್ದು ಮನುಷ್ಯರಿಗಲ್ಲ, ಕೊಬ್ಬರಿಗೆ. ಮನುಷ್ಯರು ಅದರ ಅಡಿಯಲ್ಲಿ ಹಾಸಿಕೊಂಡು ಮಲಗುತ್ತಿದ್ದರು, ಅಷ್ಟೆ. ಕೆಡವಿದ ಕಾಯಿ ಅಟ್ಟ ಹತ್ತಿತೆಂದರೆ ವರ್ಷದ ಹತ್ತಿರ ಅಲ್ಲೇ. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಟಗಟ ಅನ್ನಬೇಕು. ಅಟ್ಟದ ಮೇಲೆ ಯಾರಾದರೂ ಓಡಾಡಿದರೆ ಕೆಳಗೆ ನಮ್ಮ ತಲೆಯ ಮೇಲೆ ಗುಡುಗುಡು ಸದ್ದು. ಇಷ್ಟು ಭಾರವನ್ನು ಹೊತ್ತ ಒಂದೊಂದು ಮರದ ಹೆಸರನ್ನೂ ಅಜ್ಜಿ ನನಗೆ ಬಾಯಿಪಾಠ ಮಾಡಿಸಿದ್ದಳು. ಮಧ್ಯಾಹ್ನ ಊಟವಾದ ಮೇಲೆ ಅವಳ ತೊಡೆಯ ಮೇಲೆ ತಲೆಯಿಟ್ಟು ಮೇಲೆ ನೋಡುತ್ತ ಮಲಗಿದರೆ ಶುರುವಾಗುತ್ತಿತ್ತು.

"ಕಂಬದ ಕಾಲಡಿಗೆ ಏನೈತೆ?"

"ಅಡಿಗಲ್ಲು."

"ತಲೆ ಮ್ಯಾಲೆ?"

"ಬೋದಿಗೆ."

"ಬೋದಿಗೆ ಏನ್ ಹೊತ್ಕೊಂಡೈತೆ?"

"ತೊಲೆ. ತೊಲೆ ಜಂತೆ ಹೊತ್ಕೊಂಡೈತೆ. ಜಂತೆ ಅಟ್ಟ ಹೊತ್ಕೊಂಡೈತೆ. ಅಟ್ಟ ಕಾಯಿ ಹೊತ್ಕೊಂಡೈತೆ."

"ಕಾಯಿ?"

"ನಮ್ಮೆಲ್ರನೂ ಹೊತ್ಕೊಂಡೈತೆ."

ಇಷ್ಟಾದ ಮೇಲೆ ಅಜ್ಜಿ ನನ್ನ ಕೆನ್ನೆ ಹಿಂಡಿ ಎಲೆಯಡಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಕಂಬಕ್ಕೆ ಕಾಲಿದೆ, ತಲೆಯಿದೆ, ತಲೆಯ ಮೇಲೆ ಸಿಂಬಿಯ ಹಾಗೆ ಬೋದಿಗೆಯಿದೆ ಅನ್ನುವುದು ನನಗೆ ಅಕ್ಷರ ಕಲಿಯುವ ಮೊದಲೇ ಗೊತ್ತಿತ್ತು. ಈಗ ಎಲ್ಲರ ಬಾಯಲ್ಲೂ ಪಿಲ್ಲರ್ರು, ಬೀಮು. ಮೊನ್ನೆ ನನ್ನ ತಮ್ಮನ ಮಗ, ಬೋದಿಗೆ ಅಂದರೆ ಯಾವ ತಿಂಡಿ ಅಂತ ಕೇಳಿದ. ಅವನಿಗೊಂದು ಏಟು ಬಿಟ್ಟು ಅದು ಏನು ಅಂತ ಹೇಳಿಕೊಟ್ಟೆ. ಈ ಹೆಸರುಗಳನ್ನು ನಾನು ಮರೆಯುವುದಿಲ್ಲ, ಮರೆಯಲು ಯಾರಿಗೂ ಬಿಡುವುದೂ ಇಲ್ಲ. ಅವುಗಳಲ್ಲಿ ಒಂದನ್ನು ಹಿಡಿದುಕೊಂಡೇ ನಮ್ಮವ್ವನನ್ನು ಹದಿನೈದು ವರ್ಷ ಹಣಿದರು.

ನಾಲ್ಕು ಕಂಬಗಳಲ್ಲಿ ಮೂರು ಹಲಸಿನವು, ತಾತನ ಅಪ್ಪನ ಕಾಲದವು. ನಾಲ್ಕನೆಯದಕ್ಕೆ ಗೆದ್ದಲು ಹಿಡಿದಿತ್ತಂತೆ. ಅದೇ ಹೊತ್ತಿಗೆ ಅಪ್ಪನಿಗೆ ಹೆಣ್ಣು ನೋಡಲು ತಾತ ಹಂದನಕೆರೆಯ ಕಡೆ ಹೋದ. ಅಲ್ಲಿ ಹೆಣ್ಣನ್ನು ಎಷ್ಟು ನೋಡಿದನೋ ಗೊತ್ತಿಲ್ಲ, ಅವರ ತೋಟದ ಬದಿಯಲ್ಲಿ ಫಲ ನಿಲ್ಲಿಸಿದ್ದ ಒಂದು ಮುದಿ ತೆಂಗಿನ ಮರವನ್ನು ಮಾತ್ರ ಬೆನ್ನು ತಟ್ಟಿ ತಟ್ಟಿ ನೋಡಿದನಂತೆ. ಚೆನ್ನಾಗಿ ಬಲಿತ ಮರ, ಕಲ್ಲಿನ ಹಾಗಿದೆ, ನನಗೆ ಬೇರೇನೂ ಬೇಡ, ಮಗಳ ಜೊತೆ ಇದನ್ನು ಕಳಿಸಿಬಿಡಿ ಅಂದ. ಹಾಗೆ ಅವ್ವನೂ ಕಂಬವೂ ಒಂದೇ ತಿಂಗಳಲ್ಲಿ ನಮ್ಮ ಮನೆಗೆ ಬಂದರು, ಅವ್ವ ಬಸ್ಸಿನಲ್ಲಿ, ಕಂಬ ಎತ್ತಿನ ಗಾಡಿಯಲ್ಲಿ. ಊರಿನ ಹಳೇ ಆಚಾರಿ ಮರವನ್ನು ಚೌಕ ಮಾಡಿ ಕೆತ್ತಿ ನಿಲ್ಲಿಸಿದ. ಒಂದೇ ಒಂದು ವಿಷಯ ಕಣ್ಣಿಗೆ ಚುಚ್ಚುತ್ತಿತ್ತು. ಉಳಿದ ಮೂರೂ ಕಂಬಗಳ ಪಾದ ದಪ್ಪ, ತಲೆ ಸಣ್ಣ. ಇದರ ಪಾದ ಸಣ್ಣ, ತಲೆ ದಪ್ಪ. ಯಾಕೆ ಅಂತ ಕೇಳೋಣವೆಂದರೆ ಕಂಬ ನಿಂತ ವರ್ಷವೇ ತಾತ ಹೋದ, ಅವನ ಹಿಂದೆಯೇ ಹಳೇ ಆಚಾರಿಯೂ ಹೋದ. ಮರುವರ್ಷ ದೊಡ್ಡಮ್ಮ ಹೆರಿಗೆಯಲ್ಲಿ ತೀರಿಕೊಂಡಳು, ಮಗುವೂ ಉಳಿಯಲಿಲ್ಲ. ಆಮೇಲೆ ಯಾವುದೋ ಒಂದು ದಿನ ದೊಡ್ಡಪ್ಪ ಪಡಸಾಲೆಯಲ್ಲಿ ಕೂತು ಆ ಕಂಬವನ್ನು ದಿಟ್ಟಿಸಿ, "ಇದು ಬುಡಮೇಲು ನಿಂತೈತೆ" ಅಂದನಂತೆ.

ದೊಡ್ಡಪ್ಪ ಕೆಟ್ಟವನಲ್ಲ. ಹಾಗೆ ಅಂದರೆ ನನ್ನ ನಾಲಿಗೆಗೆ ಹುಳ ಬೀಳುತ್ತದೆ. ತಿಪಟೂರಿನ ಸಂತೆಗೆ ಹೋದಾಗಲೆಲ್ಲ ನನಗೆ ಬಳೆ, ಜಿಲೇಬಿ ತರುತ್ತಿದ್ದವನು ಅವನೇ, ಅಪ್ಪನಲ್ಲ. ಆದರೆ ಹೆಂಡತಿ ಮಗು ಇಬ್ಬರನ್ನೂ ಒಂದೇ ದಿನ ಮಣ್ಣು ಮಾಡಿ ಬಂದವನಿಗೆ ಯಾಕೆ ಹೀಗಾಯಿತು ಅನ್ನುವುದಕ್ಕೆ ಏನಾದರೊಂದು ಸಿಗಬೇಕಿತ್ತು, ಕಂಬ ಸಿಕ್ಕಿತು. ಅವನ ದುಃಖ ನನಗೆ ಈಗ ಅರ್ಥವಾಗುತ್ತದೆ. ಅರ್ಥವಾದ ಮಾತ್ರಕ್ಕೆ ಕ್ಷಮಿಸಬೇಕೆಂದೇನೂ ಇಲ್ಲ. ಅವನ ದುಃಖಕ್ಕೆ ಒರಗಿಕೊಳ್ಳಲು ಕಂಬ ಬೇಕಿತ್ತು ಸರಿ, ಅದನ್ನು ನಮ್ಮವ್ವನ ಎದೆಯ ಮೇಲೆ ಯಾಕೆ ನೆಡಬೇಕಿತ್ತು? ಇನ್ನು ಅಪ್ಪ. ಅಪ್ಪನಿಗೆ ಮನೆಯಲ್ಲಿ ಮಾತು ಏರಿತೆಂದರೆ ತೋಟಕ್ಕೆ ನೀರು ತಿರುಗಿಸುವುದು ನೆನಪಾಗುತ್ತಿತ್ತು. ಟವೆಲು ಹೆಗಲಿಗೆ ಹಾಕಿಕೊಂಡು ಹೊರಟೇ ಬಿಡುತ್ತಿದ್ದ. ಬಾವಿಯಲ್ಲಿ ನೀರಿಲ್ಲದ ಬೇಸಿಗೆಯಲ್ಲೂ ಅವನು ನೀರು ತಿರುಗಿಸಲು ಹೋದದ್ದುಂಟು.

ಅವ್ವ ಮಾತ್ರ ಕೂರುವಾಗಲೆಲ್ಲ ಅದೇ ಕಂಬಕ್ಕೆ ಒರಗಿ ಕೂರುತ್ತಿದ್ದಳು. ನನಗೆ ಜಡೆ ಹಾಕುವುದು, ಅವರೆಕಾಯಿ ಸುಲಿಯುವುದು, ತಮ್ಮನಿಗೆ ಹಾಲು ಕುಡಿಸುವುದು ಎಲ್ಲವೂ ಅಲ್ಲೇ. ಬೇರೆ ಮೂರು ಕಂಬ ಇಲ್ಲವೇ, ಯಾಕೆ ಇಲ್ಲೇ ಕೂತು ಬೈಸಿಕೊಳ್ಳುತ್ತೀ ಅಂತ ಒಂದು ದಿನ ನಾನು ರೇಗಿದೆ.

"ಇದು ನಮ್ಮಪ್ಪನ ತೋಟದ ಮರ ಕಣೇ. ಇದ್ರ ಎಳನೀರು ಕುಡ್ದು ಬೆಳ್ದೋಳು ನಾನು. ಬೈಯೋರು ಬೈಯ್ಲಿ ಬುಡು" ಅಂದಳು.

ನಾನು ಬಿಡುವವಳಲ್ಲ. ಸ್ಕೂಲಿನಲ್ಲಿ ಒಬ್ಬಳು ನನ್ನನ್ನು 'ಬುಡಮೇಲಿ ಮಗಳು' ಅಂತ ಕರೆದಳು. ಊರಿನ ಹೆಂಗಸರು ನಮ್ಮವ್ವನಿಗೆ ಬೆನ್ನ ಹಿಂದೆ ಆ ಹೆಸರಿಟ್ಟಿದ್ದಾರೆಂದು ನನಗೆ ತಿಳಿದದ್ದೇ ಅವತ್ತು. ಜಾಮಿಟ್ರಿ ಬಾಕ್ಸು ಕೈಯಲ್ಲಿತ್ತು, ಅದರಲ್ಲೇ ಅವಳ ಹಣೆಗೆ ಬಾರಿಸಿದೆ. ಮೇಷ್ಟ್ರು ಸಾರಿ ಕೇಳು ಅಂದರು, ಕೇಳಲಿಲ್ಲ. ಸಂಜೆಯವರೆಗೆ ಬಿಸಿಲಲ್ಲಿ ನಿಲ್ಲಿಸಿದರು, ಆಗಲೂ ಕೇಳಲಿಲ್ಲ. ಇವತ್ತಿಗೂ ಕೇಳಿಲ್ಲ. ಅವಳು ಈಗ ತುರುವೇಕೆರೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದರೆ ಇಬ್ಬರೂ ನಗುತ್ತೇವೆ, ಮಕ್ಕಳ ಸಮಾಚಾರ ಮಾತಾಡುತ್ತೇವೆ. ಹಣೆಯ ಗಾಯದ ಗುರುತನ್ನು ನಾನೂ ನೋಡುತ್ತೇನೆ, ನಾನು ನೋಡಿದ್ದನ್ನು ಅವಳೂ ನೋಡುತ್ತಾಳೆ.

ಗಂಗತ್ತೆಗೆ ಗಂಡು ಬಂದ ವರ್ಷ ಇದೆಲ್ಲ ತುದಿ ಮುಟ್ಟಿತು. ಗಂಗತ್ತೆ ಅಪ್ಪನ ಕೊನೆಯ ತಂಗಿ, ಎಸ್ಸೆಸ್ಸೆಲ್ಸಿ ಪಾಸು ಮಾಡಿ ಮನೆಯಲ್ಲೇ ಹೊಲಿಗೆ ಮಿಷನ್ನು ಇಟ್ಟುಕೊಂಡಿದ್ದಳು, ಊರಿನ ಅರ್ಧ ರವಿಕೆ ಅವಳ ಕೈಯವು. ಬಂದವರು ಚಿಕ್ಕನಾಯಕನಹಳ್ಳಿಯ ಕಡೆಯವರು. ಅವ್ವ ಬೆಳಿಗ್ಗೆಯಿಂದ ನಿಂತು ಉಪ್ಪಿಟ್ಟು, ಕೇಸರಿಬಾತು ಮಾಡಿದ್ದಳು. ಎಲ್ಲ ಸರಿಯಾಗಿಯೇ ಇತ್ತು. ಹುಡುಗನ ಸೋದರಮಾವ ಕೇಸರಿಬಾತಿನ ಎರಡನೇ ತುತ್ತು ಬಾಯಿಗಿಡುತ್ತ ತಲೆಯೆತ್ತಿ ಮೇಲೆ ನೋಡಿದ, ತಟ್ಟೆಯನ್ನು ಕೆಳಗಿಟ್ಟ.

"ಏನ್ರೀ ಯಜಮಾನ್ರೇ, ಈ ಕಂಬ ಬುಡಮೇಲು ನಿಂತಂಗೈತಲ್ಲ?"

ದೊಡ್ಡಪ್ಪ ಹಲ್ಲು ಕಿರಿದ. ಅವರು ಕೈ ತೊಳೆದು ಎದ್ದು ಹೋದರು, ಮೂರನೇ ದಿನಕ್ಕೆ ಸಂಬಂಧ ಬೇಡವೆಂದು ಹೇಳಿಕಳಿಸಿದರು. ಗಂಗತ್ತೆ ಅಳಲಿಲ್ಲ. ಅವತ್ತು ಸಂಜೆಯವರೆಗೂ ಮಿಷನ್ನು ತುಳಿದೇ ತುಳಿದಳು. ದೊಡ್ಡಪ್ಪ ಪಡಸಾಲೆಯ ನಡುವೆ ನಿಂತು ಕೂಗಾಡಿದ.

"ಸಾಕಾಯ್ತು! ಮಂಜಾಚಾರಿನ ಕರಸ್ತೀನಿ, ಈ ಕಂಬ ತಿರುಗ್ಸಿ ನಿಲ್ಸೋದೇ. ಇದೊಂದ್ರಿಂದ ಮನೆ ಮಾನ ಹೋಯ್ತು!"

ಅವ್ವ ಅಡುಗೆಮನೆಯಿಂದ ಹೊರಗೆ ಬಂದಳು. ದೊಡ್ಡಪ್ಪನ ಎದುರು ಅವಳು ಬಾಯಿ ತೆರೆದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

"ಕರಸಿ ಭಾವ. ಆದ್ರೆ ಮೊದ್ಲು ಅದು ಬುಡಮೇಲು ಹೌದಾ ಅಲ್ವಾ ಅಂತ ಆಚಾರ್ರು ನೋಡ್ಲಿ. ಎಲ್ರೆದುರ್ಗೂ ನೋಡ್ಲಿ."

"ನೋಡೋದೇನೈತೆ ಅದ್ರಲ್ಲಿ? ಕಣ್ಣಿಲ್ವಾ ನಮ್ಗೆ?"

"ಹದಿನೈದು ವರ್ಸದಿಂದ ಕಣ್ಣಲ್ಲೇ ನೋಡಿದೀರ. ಒಂದ್ಸಲ ಉಳಿ ಮಡಗಿ ನೋಡ್ಲಿ ಬುಡಿ."

ಅವ್ವನಿಗೂ ಒಳಗಿನ ನಿಜ ಗೊತ್ತಿರಲಿಲ್ಲ. ಗಾಡಿಯಲ್ಲಿ ಬಂದ ಮರವನ್ನು ಯಾವ ಕಡೆ ಮೇಲೆ ಮಾಡಿ ನಿಲ್ಲಿಸಿದರೆಂದು ಆಗತಾನೇ ಬಂದ ಮದುವಣಗಿತ್ತಿ ಹೇಗೆ ನೋಡಿರುತ್ತಾಳೆ? ನಿಜಕ್ಕೂ ಬುಡಮೇಲೇ ಆಗಿದ್ದರೆ ಇಡೀ ಊರಿನ ಎದುರು ಆ ಹೆಸರು ಗಟ್ಟಿಯಾಗುತ್ತಿತ್ತು, ಅವ್ವ ಆ ಮನೆಯಲ್ಲಿ ಇನ್ನು ತಲೆಯೆತ್ತುವ ಹಾಗಿರಲಿಲ್ಲ. ಅದು ಗೊತ್ತಿದ್ದೂ ಕೇಳಿದಳು.

ಕಂಬ ತೆಗೆಯುವುದೆಂದರೆ ಮೊದಲು ಅಟ್ಟ ಖಾಲಿಯಾಗಬೇಕು. ಎರಡು ದಿನ ಇಡೀ ಮನೆ ಏಣಿಯ ಮೇಲೆ ಕೆಳಗೆ ಸಾಲುಗಟ್ಟಿ ನಿಂತು ಕಾಯಿ ಇಳಿಸಿದೆವು. ಅಜ್ಜಿ ಅಂಗಳದಲ್ಲಿ ಕೂತು ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ, ಗಟಗಟ ಅಂದದ್ದನ್ನು ಒಂದು ಕಡೆ, ಅನ್ನದ್ದನ್ನು ಇನ್ನೊಂದು ಕಡೆ ಹಾಕಿದಳು. ಅವ್ವ ಎಲ್ಲರಿಗಿಂತ ಹೆಚ್ಚು ಹೊತ್ತಳು. ಮೂರನೇ ದಿನ ಬೆಳಿಗ್ಗೆ ಮಂಜಾಚಾರಿ ಬಂದ. ಹಳೇ ಆಚಾರಿಯ ಮಗ, ಕಿವಿಯ ಮೇಲೆ ಬೀಡಿ, ಕೇಳಿದ್ದಕ್ಕೆ ಅರ್ಧ ಉತ್ತರ ಕೊಡುವ ಆಸಾಮಿ. ಕಾಯಿ ಲಾರಿಯವನಿಂದ ಜಾಕಿ ತಂದಿದ್ದ. ತೊಲೆಗೆ ಎರಡು ಕಡೆ ದಪ್ಪ ದಿಮ್ಮಿಗಳನ್ನು ಆಸರೆ ಕೊಟ್ಟು, ಜಾಕಿ ತಿರುಗಿಸಿ ತೊಲೆಯನ್ನು ಎರಡು ಬೆರಳಷ್ಟು ಎತ್ತಿದ. ಬಾಗಿಲಲ್ಲಿ, ಕಿಟಕಿಯಲ್ಲಿ ಊರಿನವರು ಬಯಲಾಟ ನೋಡುವ ಹಾಗೆ ತುಂಬಿಕೊಂಡಿದ್ದರು. ನಾಲ್ಕು ಜನ ಅಲ್ಲಾಡಿಸಿ, ಕಂಬವನ್ನು ಅಡಿಗಲ್ಲಿನಿಂದ ಎತ್ತಿ, ಗೋಣಿಚೀಲದ ಮೇಲೆ ಮಲಗಿಸಿದರು. ಅಡಿಗಲ್ಲಿನ ಕುಳಿಯಲ್ಲಿ ಅರಿಶಿನದ ದಾರದ ಚೂರು, ಕಪ್ಪಾದ ನಾಣ್ಯ ಇದ್ದವು.

ಮಂಜಾಚಾರಿ ಕಂಬದ ಪಾದದ ಹತ್ತಿರ ಕುಕ್ಕರುಗಾಲಿನಲ್ಲಿ ಕೂತ. ಒದ್ದೆ ಬಟ್ಟೆಯಿಂದ ಮಣ್ಣು ಒರೆಸಿದ, ಇನ್ನೊಮ್ಮೆ ಒರೆಸಿದ. ನಾನು ಜನರ ಕಾಲುಗಳ ನಡುವೆ ನುಗ್ಗಿ ನೋಡಿದೆ. ಪಾದದ ಅಡಿಯಲ್ಲಿ, ಉಳಿಯಿಂದ ಕೆತ್ತಿದ ಒಂದೇ ಒಂದು ಅಕ್ಷರವಿತ್ತು. ನಾನೇ ಗಟ್ಟಿಯಾಗಿ ಓದಿದೆ.

"ಬು!"

"ಹೂಂ. ಬು ಅಂದ್ರೆ ಬುಡ" ಅಂದ ಮಂಜಾಚಾರಿ. "ಇದು ನಮ್ಮಪ್ಪನ ಕೈ ಕಣ್ರೀ. ಮರ ಕೆಡವಿದ ದಿವ್ಸಾನೇ ಬುಡದ ಕಡೆ ಹಿಂಗೆ ಕೆತ್ತಾಕೋನು, ಆಮ್ಯಾಲೆ ಎಡವಟ್ಟಾಗ್ಬಾರ್ದು ಅಂತ. ಬುಡ ಕೆಳಗೇ ಐತೆ. ಕಂಬ ಸರ್ಯಾಗೈತೆ."

"ಹಂಗಾರೆ ಪಾದ ಯಾಕ್ಲಾ ಸಣ್ಣ?" ದೊಡ್ಡಪ್ಪ ಕೂಗಿದ.

ಮಂಜಾಚಾರಿ ಅಡಿಗಲ್ಲಿಗೆ ಗೇಣು ಹಾಕಿ ಅಳೆದ. ಆಮೇಲೆ ಕಂಬದ ಎರಡೂ ತುದಿಗೆ ಒಂದೊಂದು ಸಲ ಉಳಿ ಹೊಡೆದ. ತಲೆಯ ಕಡೆ ಉಳಿ ಮೆತ್ತಗೆ ಇಳಿದು ಬಿಳಿಚಿದ ನಾರು ಎದ್ದಿತು. ಪಾದದ ಕಡೆ ಕಬ್ಬಿಣಕ್ಕೆ ಹೊಡೆದ ಹಾಗೆ ಟಣ್ ಅಂದು ಉಳಿ ಹಾರಿತು.

"ತೆಂಗಿನ ಬುಡ ಗಟ್ಟಿ, ತುದಿ ಮೆತ್ತಗೆ, ನೋಡ್ಕಳಿ. ಕಲ್ಲು ಹಳೇ ಕಂಬದ್ದು ಯಜಮಾನ್ರೇ, ಸಣ್ಣದು. ಕಂಬ ಕಲ್ಲಿಂದ ಆಚೆ ಚಾಚ್ಬಾರ್ದು ಅಂತ ನಮ್ಮಪ್ಪ ಪಾದಾನ ಸುತ್ತ ಕೆತ್ತಿ ಸಣ್ಣ ಮಾಡವ್ನೆ. ಅಷ್ಟೇಯ ಇಸ್ಯ."

ಅಷ್ಟೇಯ. ನಾಲ್ಕು ಬೆರಳು ಸಾಲದೆ ಬಂದ ಒಂದು ಕಲ್ಲು. ಅದಕ್ಕೋಸ್ಕರ ಹದಿನೈದು ವರ್ಷ ಅವ್ವ ನೆಲ ನೋಡಿದ್ದಳು. ಯಾರಾದರೂ ಏನಾದರೂ ಅನ್ನುತ್ತಾರೆಂದು ನಾನು ಕಾದೆ. ತಪ್ಪಾಯಿತು ಅನ್ನುವ ಮಾತು ಅಷ್ಟೇನೂ ಉದ್ದವಲ್ಲ. ದೊಡ್ಡಪ್ಪ ಕೆಮ್ಮಿದ, ಟವೆಲಿನಿಂದ ಮುಖ ಒರೆಸಿಕೊಂಡ.

"ಸರಿ ಬುಡಿ, ಗೊತ್ತಾಯ್ತಲ್ಲ. ಇದ್ದಂಗೇ ನಿಲ್ಸಿ ಮತ್ತೆ, ಕಾಯಿ ಮ್ಯಾಲಕ್ಕಾಕಾನ."

"ಬ್ಯಾಡ" ಅಂದಳು ಅವ್ವ. "ತಿರುಗ್ಸಿ ನಿಲ್ಸಿ."

"ಏನಂದೆ?"

"ಬುಡಮೇಲು ನಿಲ್ಸಿ ಅಂದೆ ಭಾವ. ಸರ್ಯಾಗಿದ್ದಾಗ್ಲೇ ಬುಡಮೇಲು ಅನ್ಸ್ಕೊಂಡೆ. ಮಾವ ಹೋದ್ರು, ನನ್ನಿಂದ. ಅಕ್ಕ ಹೋದ್ಲು, ಕೂಸು ಹೋಯ್ತು, ನನ್ನಿಂದ. ಎಮ್ಮೆ ಕಂದಾಕ್ತು, ನನ್ನಿಂದ. ಗಂಗನ ಸಂಬಂಧ ಮುರೀತು, ಅದೂ ನನ್ನಿಂದ. ಈಗ ನಿಜವಾಗ್ಲೂ ಬುಡಮೇಲು ನಿಲ್ಸಿ, ಏನಾಗ್ತೈತೋ ನೋಡೇ ಬುಡಾನ. ಇಷ್ಟು ವರ್ಸ ಅನ್ಸ್ಕೊಂಡಿದ್ದಾದ್ರೂ ನಿಜ ಆಗ್ಲಿ!"

ಮಂಜಾಚಾರಿ ಉಳಿಯನ್ನು ಚೀಲಕ್ಕೆ ಹಾಕಿಕೊಂಡು ಎದ್ದೇ ನಿಂತ. ಅದು ನಮ್ಮ ಕಸುಬಿಗೆ ಆಗದ ಕೆಲಸ, ನನ್ನ ಕೈಲಿ ಮಾಡಿಸಬೇಡ ತಾಯಿ ಅಂದ. ಊರಿನವರು ಗುಜುಗುಜು ಶುರು ಮಾಡಿದರು. ಆಗ ಅಜ್ಜಿ ಅಂಗಳದಿಂದ ಒಳಗೆ ಬಂದಳು. ಅವಳೂ ಕಂಬ ನೋಡಿ ಅವ್ವನನ್ನು ನೋಡಿದವಳೇ, ಅದನ್ನು ನಾನು ಮರೆತಿಲ್ಲ. ಗೋಣಿಚೀಲದ ಪಕ್ಕ ಕಷ್ಟಪಟ್ಟು ಕೂತು, ಆ ಅಕ್ಷರದ ಮೇಲೆ ಬೆರಳಾಡಿಸಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ.

"ನನ್ ಗಂಡ ಆರ್ಸಿ ತಂದ ಮರ. ಅದಕ್ಕೆ ನಾನೂ ಹೆಸರಿಟ್ಟೆ. ನನ್ ಬಾಯಿಗೆ ಬೆಂಕಿ ಬೀಳ" ಅಂದಳು. ಆಮೇಲೆ ತಲೆಯೆತ್ತಿದಳು. "ಆಚಾರಿ, ತಿರುಗ್ಸು. ಮನೆ ನಂದು. ಬರೋದು ಏನಿದ್ರೂ ನನ್ ತಲೆ ಮ್ಯಾಲೆ ಬರ್ಲಿ."

ಮಂಜಾಚಾರಿ ಆಗಲೂ ಕದಲಲಿಲ್ಲ. ಕದಲಿದವನು ಅಪ್ಪ. ಅವತ್ತು ಅವನು ತೋಟಕ್ಕೆ ಹೋಗಿರಲಿಲ್ಲ, ಬೆಳಿಗ್ಗೆಯಿಂದ ಗೋಡೆಗೆ ಅಂಟಿಕೊಂಡು ನಿಂತಿದ್ದ. ಬಂದು, ಬಗ್ಗಿ, ಕಂಬದ ಒಂದು ತುದಿಗೆ ಕೈಹಾಕಿ ಒಬ್ಬನೇ ಎಳೆದು ತಿರುಗಿಸತೊಡಗಿದ. ಅವನ ಕುತ್ತಿಗೆಯ ನರ ಉಬ್ಬಿತ್ತು. ಅಪ್ಪ ಜೀವನದಲ್ಲಿ ಅವ್ವನ ಪರವಾಗಿ ಆಡಿದ ಮಾತು ಅದೊಂದೇ, ಅದನ್ನೂ ಬಾಯಿಂದ ಆಡಲಿಲ್ಲ. ಆಚಾರಿ ಹಣೆ ಚಚ್ಚಿಕೊಂಡು, ದೇವರಿಗೆ ತಪ್ಪೊಪ್ಪಿಗೆ ಹೇಳಿಕೊಂಡು, ಇನ್ನೊಂದು ತುದಿ ಹಿಡಿದ.

ತಿರುಗಿಸಿದ ಮೇಲೆ ಇನ್ನೊಂದು ತೊಡಕು ಬಂತು. ಈಗ ಕೆಳಗೆ ಬಂದದ್ದು ದಪ್ಪ ತುದಿ, ಅಡಿಗಲ್ಲು ಸಣ್ಣದು. ಕೆತ್ತುತ್ತೇನೆ ಅಂದ ಆಚಾರಿ. ನನ್ನಪ್ಪನ ಮರವನ್ನು ಇನ್ನೊಂದು ಸಲ ಕೆತ್ತಬೇಡಿ ಅಂದಳು ಅವ್ವ. ಹಿತ್ತಿಲಿಗೆ ಹೋಗಿ, ಊರಿಗೆ ಹಿಟ್ಟಿನ ಗಿರಣಿ ಬಂದ ಮೇಲೆ ಮೂಲೆಗೆ ಬಿದ್ದಿದ್ದ ರಾಗಿ ಬೀಸುವ ಕಲ್ಲಿನ ಮೇಲಿನ ಹೋಳನ್ನು ಉರುಳಿಸಿಕೊಂಡು ಬಂದಳು. ಮದುವೆಯಾಗಿ ಬಂದ ಹೊಸದರಲ್ಲಿ ಮನೆಮಂದಿಯ ಮುದ್ದೆಗೆಲ್ಲ ಅವಳು ಬೀಸಿದ ಕಲ್ಲು. ಹಳೇ ಅಡಿಗಲ್ಲು ಕಿತ್ತು ಅದನ್ನು ಕೂರಿಸಿದರು, ಅಗಲವೂ ಸರಿಹೋಯಿತು, ರಾಗಿ ಸುರಿಯುವ ನಡುವಿನ ತೂತಿಗೆ ಕಂಬದ ತುದಿಯ ಗೂಟವೂ ಹೆಚ್ಚು ಕಡಿಮೆ ಸರಿಯಾಗಿ ಕೂತಿತು. ಅದೇ ಹಳೇ ನಾಣ್ಯ, ಹೊಸ ಅರಿಶಿನದ ದಾರ. ಕಂಬ ನಿಂತಿತು. ಇನ್ನು ಜಾಕಿ ಇಳಿಸಿ ತೊಲೆಯ ಭಾರ ಬಿಡಬೇಕು, ಎಲ್ಲರೂ ಆಚೆ ಹೋಗಿ ಅಂದ ಆಚಾರಿ. ಎಲ್ಲರೂ ಹೋದರು. ಅವ್ವ ಹೋಗಿ ಕಂಬಕ್ಕೆ ಬೆನ್ನು ಕೊಟ್ಟು ನಿಂತಳು.

"ಏಯ್ ತಾಯಿ, ಈಚೆ ಬಾ! ತಮಾಸೆ ಅಲ್ಲ ಇದು!"

"ಇಳ್ಸಿ ಆಚಾರ್ರೇ."

ನಾನು ಓಡಿ ಹೋಗಿ ಅವಳ ಪಕ್ಕದಲ್ಲಿ ನಿಂತುಕೊಂಡೆ. ಬೈದು ದಬ್ಬುತ್ತಾಳೆ ಅಂದುಕೊಂಡಿದ್ದೆ, ನನ್ನ ಕೈ ಹಿಡಿದುಕೊಂಡಳು. ಅವಳ ಕೈ ಬೆವರಿನಿಂದ ಒದ್ದೆಯಾಗಿತ್ತು. ಧೈರ್ಯವೆಂದರೆ ಹೆದರಿಕೆ ಇಲ್ಲದಿರುವುದು ಅಂತ ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ, ಆ ಕೈಯನ್ನು ಹಿಡಿದವಳು ನಾನು. ಜಾಕಿ ಕಿರ್‌ ಕಿರ್‌ ಅಂತ ಇಳಿಯಿತು. ತೊಲೆ ಬೋದಿಗೆಯ ಮೇಲೆ ಕೂತಿತು, ಬೋದಿಗೆ ಕಂಬದ ಮೇಲೆ ಕೂತಿತು. ಮೇಲಿನಿಂದ ಹಳೆಯ ಮಣ್ಣು, ಇಲಿ ಹಿಕ್ಕೆ ನಮ್ಮ ತಲೆಯ ಮೇಲೆ ಸುರಿಯಿತು. ಬೇರೇನೂ ಬೀಳಲಿಲ್ಲ.

ಆಮೇಲೆ ನಡೆದದ್ದು ಕೇಳಿದರೆ ನಗು ಬರುತ್ತದೆ. ತಿರುಗಿಸಿದ ಕಂಬದ ಪಾದ ಈಗ ದಪ್ಪ, ತಲೆ ಸಣ್ಣ. ಉಳಿದ ಮೂರರ ಪಕ್ಕ ಅಣ್ಣತಮ್ಮಂದಿರ ಹಾಗೆ ಒಪ್ಪವಾಗಿ ಕಾಣುತ್ತಿತ್ತು. ಅವತ್ತು ಬಂದು ನೋಡದ ಜನರೆಲ್ಲ, ಅಬ್ಬಾ, ಈಗ ಸರಿಹೋಯಿತು ನೋಡಿ ಅನ್ನತೊಡಗಿದರು. ದೊಡ್ಡಪ್ಪ ಹೌದೆನ್ನುತ್ತಿರಲಿಲ್ಲ, ಅಲ್ಲವೆನ್ನುತ್ತಲೂ ಇರಲಿಲ್ಲ. ಅವ್ವ ಮಾತ್ರ ಒಬ್ಬೊಬ್ಬರಿಗೂ, "ಇಲ್ಲ ಕಣಮ್ಮ, ಮೊದ್ಲು ಸರ್ಯಾಗಿತ್ತು, ಈಗ್ಲೇ ಬುಡಮೇಲಾಗಿರೋದು" ಅಂತ ಬಿಡಿಸಿ ಹೇಳುತ್ತಿದ್ದಳು. ತಮಾಷೆ ಮಾಡುತ್ತಿದ್ದಾಳೆಂದು ನಗುತ್ತಿದ್ದರು. ಆ ವರ್ಷ ಎಮ್ಮೆ ಹೆಣ್ಣುಗರು ಹಾಕಿತು. ಅಪ್ಪ ತೋಟದ ಕಾಲುವೆಯಲ್ಲಿ ಜಾರಿ ಕಾಲು ಮುರಿದುಕೊಂಡ. ನಾನು ಲೆಕ್ಕದಲ್ಲಿ ಪಾಸಾದೆ. ಅಜ್ಜಿಗೆ ಒಂದು ಕಣ್ಣು ಮಂಜಾಯಿತು. ಮನೆ ಅಂದಮೇಲೆ ಏನೇನು ಆಗುತ್ತದೋ ಅದೆಲ್ಲ ಆಯಿತು.

ಗಂಗತ್ತೆಗೆ ಇನ್ನೊಂದು ಗಂಡು ಬಂತು. ಮತ್ತೆ ಉಪ್ಪಿಟ್ಟು, ಕೇಸರಿಬಾತು. ಈ ಸಲ ಹುಡುಗನ ಅಪ್ಪನೇ ಕಂಬಗಳನ್ನು ಒಂದೊಂದಾಗಿ ನೋಡಿ ತಲೆದೂಗಿದ. ಹಳೇ ಕಾಲದ ಕೆಲಸ, ಎಷ್ಟು ನೆಟ್ಟಗೆ ನಿಂತಿವೆ ಅಂದ. ದೊಡ್ಡಪ್ಪನಿಗೆ ತಡೆಯಲಾಗಲಿಲ್ಲ.

"ಅದೊಂದು ಕಂಬದಾಗೆ ಸ್ವಲ್ಪ ದೋಸ ಇತ್ತು ಕಣ್ರೀ. ನಾನೇ ನಿಂತು ಸರಿ ಮಾಡ್ಸ್ದೆ."

ಅವ್ವ ಅಡುಗೆಮನೆಯ ಬಾಗಿಲಲ್ಲಿ ಕಾಫಿ ಲೋಟದ ತಟ್ಟೆ ಹಿಡಿದು ನಿಂತಿದ್ದಳು. ನಾನು ಅವಳನ್ನೇ ನೋಡುತ್ತಿದ್ದೆ. ಊರಿಗೆಲ್ಲ ಹೇಳಿದವಳು ಈಗಲೂ ಹೇಳುತ್ತಾಳೆ ಅಂದುಕೊಂಡೆ. ಚಾಪೆಯ ಮೇಲೆ ರೇಷ್ಮೆ ಸೀರೆ ಉಟ್ಟು ಕೂತಿದ್ದ ಗಂಗತ್ತೆಯನ್ನು ನೋಡಿದಳು, ತಲೆ ತಗ್ಗಿಸಿದಳು, ಹಳೆಯ ಹಾಗೆ ನೆಲ ನೋಡತೊಡಗಿದಳು. ನನಗೆ ಅಳು ಬಂದುಬಿಟ್ಟಿತು. ಅಷ್ಟರಲ್ಲಿ ಗಂಗತ್ತೆ ತಲೆಯೆತ್ತಿದಳು.

"ಅಣ್ಣ ಹೇಳಿದ್ದು ಸುಳ್ಳು. ಆ ಕಂಬ ಮೊದ್ಲು ಸರ್ಯಾಗಿತ್ತು, ಈಗ್ಲೇ ಬುಡಮೇಲಾಗಿರೋದು. ನಮ್ಮತ್ತಿಗೆ ಬೇಕಂತಲೇ ತಿರುಗ್ಸವ್ರೆ. ಅದಕ್ಕೇನಾರ ನೀವು ಬ್ಯಾಡ ಅನ್ನಂಗಿದ್ರೆ ಈಗ್ಲೇ ಅಂದ್ಬುಡಿ, ಕಾಫಿ ಆರೋಗ್ತೈತೆ."

ಅವರು ಕಾಫಿ ಕುಡಿಯಲಿಲ್ಲ. ಗಂಗತ್ತೆಗೆ ಎರಡು ವರ್ಷವಾದ ಮೇಲೆ ಹುಳಿಯಾರಿನ ಕಡೆ ಮದುವೆಯಾಯಿತು. ಆ ಹುಡುಗ ಕಂಬ ನೋಡಲಿಲ್ಲ, ಇವಳನ್ನೇ ನೋಡಿದ, ಇವತ್ತಿಗೂ ಇವಳ ಮಾತು ಕೇಳಿಕೊಂಡು ಚೆನ್ನಾಗಿದ್ದಾನೆ. ಆದರೆ ಅದು ಆಮೇಲಿನ ಮಾತು. ಅವತ್ತು ಗಂಡಿನ ಕಡೆಯವರು ಚಪ್ಪಲಿ ಮೆಟ್ಟಿಕೊಂಡು ಹೋದರು. ದೊಡ್ಡಪ್ಪ ಬಾಗಿಲಿನಿಂದ ಹಿಂದಿರುಗಿ ಬಂದ. ಮೊದಲು ಕಂಬವನ್ನು ನೋಡಿದ. ಆಮೇಲೆ, ಯಾವಾಗಿನ ಹಾಗೆ, ಅವ್ವನನ್ನು ನೋಡಿದ.

ಅವ್ವ ಕಾಫಿ ತಟ್ಟೆಯನ್ನು ಕೆಳಗಿಟ್ಟಳು. ನಡೆದು ಬಂದು ಕಂಬಕ್ಕೆ ಒರಗಿ, ಕಾಲು ಚಾಚಿ ಕೂತಳು. ಕೂತು, ತಲೆಯೆತ್ತಿ, ದೊಡ್ಡಪ್ಪನ ಮುಖವನ್ನೇ ನೋಡಿದಳು.

"ಹೂಂ ಭಾವ, ಬುಡಮೇಲೇ. ನಿಲ್ಸಿದೋಳು ನಾನು."

ದೊಡ್ಡಪ್ಪ ನೆಲ ನೋಡಿದ.